ಐದನೆಯ ಲಾರಿಯ ನೆರಳು

ಸೆಪ್ಟೆಂಬರ್ 9, ಮಂಗಳವಾರ. ಚಿಕ್ಕೋಡಿ

ಎಲೈ ಬಿಳಿಯ ಹಾಳೆಯೇ! ಇನ್ನು ಇಪ್ಪತ್ತೊಂದು ದಿನ ನೀನೇ ನನ್ನ ರಂಗಮಂಟಪ, ನೀನೇ ನನ್ನ ಪ್ರೇಕ್ಷಕ, ಟಿಕೀಟು ತೆಗೆಸದೆ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ ಫೌಜುದಾರನೂ ನೀನೇ!

ನಿನ್ನೆ ಮೀರಜಿನಲ್ಲಿ ನನ್ನ ಗಂಟಲಿನ ಆಪರೇಷನ್ ಆಯಿತು. ದನಿ ಹೊರಡುವ ಜಾಗದಲ್ಲಿ ಒಂದು ಸಣ್ಣ ಗಂಟು ಬೆಳೆದಿತ್ತಂತೆ. ಬೆಳೆಯದೆ ಏನು ಮಾಡೀತು? ಮೈಕಿಲ್ಲದ ಕಾಲದಲ್ಲಿ ಎರಡು ಸಾವಿರ ಮಂದಿಯ ಕೊನೆಯ ಸಾಲಿನಲ್ಲಿ ತೂಕಡಿಸುವ ಮುದುಕನನ್ನು ಒಂದೇ ಗರ್ಜನೆಗೆ ಎಬ್ಬಿಸಿ ಕೂರಿಸಿದ ಕಂಠವಿದು! ಐದು ವರ್ಷದವನಿದ್ದಾಗ ನಾಟಕ ಕಂಪನಿಯ ಪರದೆಯ ಹಿಂದೆ ಮಲಗಲು ಕಲಿತವನು ನಾನು. ಎಪ್ಪತ್ತಕ್ಕೆ ಬಂದರೂ ರಾಯಬಾಗದಿಂದ ಅಥಣಿಯವರೆಗೆ ಯಾವ ಹಳ್ಳಿಯಲ್ಲಿ ನಾಟಕ ಕಲಿಸುವುದಿದ್ದರೂ "ಪಾರಿಸ ಮಾಸ್ತರನ್ನ ಕರೀರಿ" ಎನ್ನುತ್ತಾರೆ. ಅಂಥವನಿಗೆ ಡಾಕ್ಟರು ಬೆರಳೆತ್ತಿ ಹೇಳಿದರು: "ಇಪ್ಪತ್ತೊಂದು ದಿನ ಒಂದ ಅಕ್ಷರ ಬಾಯಿಂದ ಬರಬಾರದ್ರಿ. ಪಿಸುಮಾತೂ ನಡೆಯೂದಿಲ್ಲ. ಇಪ್ಪತ್ತೊಂಬತ್ತನೇ ತಾರೀಖಿಗೆ ಬರ್ರಿ, ನೋಡೋಣು."

ನನ್ನ ಹೆಂಡತಿ ಸುಂದರಾಳ ಮುಖ ನೋಡಬೇಕಿತ್ತು! ದೀಪಾವಳಿಯೇ ಬಂದಂತೆ. ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಹೇಳುತ್ತಾಳೆ: "ನಲವತ್ತೆಂಟು ವರ್ಷ ಆತ್ರಿ ಲಗ್ನಾಗಿ. ಇವತ್ತ ಮೊದಲ ಸಲ ನಾ ಶುರು ಮಾಡಿದ ಮಾತ ನಾನ ಮುಗಿಸಾಕತ್ತೇನಿ."

ಮಾತಿಗೆ ಬದಲು ಒಂದು ಪಾಟಿ, ಒಂದು ಬಳಪ ಕೊಟ್ಟಿದ್ದಾಳೆ. ಅಹಹ! ಸಿಂಹದ ಕೈಗೆ ಬಳಪ!

ಸೆಪ್ಟೆಂಬರ್ 10

ನಮ್ಮ ಜೈನರ ದಶಲಕ್ಷಣ ಪರ್ವ ಈಗಷ್ಟೇ ಮುಗಿದಿದೆ. ನಾನು ಬಾಯಿ ಬಿಡದ್ದು ನೋಡಿ ಬಸದಿಯ ಹತ್ತಿರ ನಾಲ್ವರು ನನಗೆ ಕೈಮುಗಿದರು, ಮೌನವ್ರತ ಹಿಡಿದಿದ್ದೇನೆಂದು ತಿಳಿದು. ಆಪರೇಷನ್ ಎಂದು ಪಾಟಿಯ ಮೇಲೆ ಬರೆಯಲು ಕೈ ಎತ್ತಿದೆ. ಆಮೇಲೆ ಯಾಕೋ ಬರೆಯಲಿಲ್ಲ. ಗಂಭೀರವಾಗಿ ಕಣ್ಣು ಅರ್ಧ ಮುಚ್ಚಿ ನಡೆದುಬಂದೆ. ಪಾತ್ರ ಚೆನ್ನಾಗಿಯೇ ಬಂತು.

ಸೆಪ್ಟೆಂಬರ್ 11, ಗುರುವಾರ

ಪ್ರವೇಶ: ಯಾಸ್ಮಿನ! ನನ್ನ ಗೆಳೆಯ ನಜೀರಸಾಬನ ಮೊಮ್ಮಗಳು, ಹೊಳೆಯಾಚೆಯ ಹಳೆಯ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಕಂಕುಳಲ್ಲಿ ಕ್ಯಾಲೆಂಡರಿನಷ್ಟು ದೊಡ್ಡ ಲಕೋಟೆ. ಲಕೋಟೆಯೊಳಗೆ, ಓ ವಿಧಿಯೇ, ನನ್ನ ತಂದೆ!

ಫೋಟೋ 1958ರದು, ಕಾರ್ಖಾನೆ ಮೊದಲ ಸಲ ಕಬ್ಬು ನುರಿಸಿದ ವರ್ಷದ್ದು. ಹಳೆಯ ಗೋದಾಮು ಕೆಡವುವಾಗ ಸಿಕ್ಕಿತಂತೆ. ತಗಡಿನ ಗೋದಾಮಿನ ಮುಂದೆ ಐದು ಲಾರಿಗಳು ಸಾಲಾಗಿ ನಿಂತಿವೆ. ಐದನೆಯದರ ಪಕ್ಕದಲ್ಲಿ ಬಿಳಿ ಟೊಪ್ಪಿಗೆ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಬೆನ್ನ ಹಿಂದೆ: ಅವನೇ ನೇಮಣ್ಣ, ನನ್ನಪ್ಪ. ಇದೇ ಫೋಟೋದ ಬೆಂಕಿಪೊಟ್ಟಣದಷ್ಟು ತುಣುಕು, ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿದ್ದು, ನನ್ನ ತಾಯಿ ಕಾಶಿಬಾಯಿಯ ಟ್ರಂಕಿನಲ್ಲಿತ್ತು. ಅದರಲ್ಲಿ ಅಪ್ಪನಿಗೆ ಮುಖವಿರಲಿಲ್ಲ, ಟೊಪ್ಪಿಗೆಯಷ್ಟೇ ಇತ್ತು. ಇದರಲ್ಲಿ ಮೀಸೆಯ ಕೂದಲು ಎಣಿಸಬಹುದು.

"ಕಾಕಾ, ಗೇಟಿನ ಹಂತೇಕ ಹೊಸ ಹಾಲ್ ಕಟ್ಟ್ಯಾರಲ್ರಿ, ಅಲ್ಲೆ ಇದನ್ನ ಗ್ವಾಡಿ ತುಂಬ ಹಚ್ಚತಾರ. ಒಂದೊಂದ ಲಾರಿ ಕೆಳಗ ಯಾವ ಕಂಪನಿದು, ಯಾರ ನಡಸತಿದ್ರು ಅಂತ ಬರೀಬೇಕು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಛಾಪಿಸಾಕ ಕೊಡಬೇಕ್ರಿ. ಹನ್ನೆರಡಕ್ಕ ಬಾಯ್ಲರ್ ಪೂಜಾ, ಅವತ್ತ ಉದ್ಘಾಟನಾ," ಎಂದಳು ಯಾಸ್ಮಿನ. "ನಮ್ಮ ಸಂಗ್ರಾಮ ಮ್ಯಾನೇಜರ ಅಂದ್ರು, ಐದನೇ ಲಾರಿದ ಡ್ರೈವರ ಯಾರಂತ ಕೇಳೂದ ಬ್ಯಾಡ, ಊರಿಗೇ ಗೊತ್ತೈತಿ ಅಂತ."

ಊರಿಗೇ ಗೊತ್ತು! ಗೊತ್ತಿಲ್ಲದೆ ಏನು? ನಲವತ್ತು ವರ್ಷ ಯಾವ ಗಣಪತಿ ಮಂಡಪದಲ್ಲಿ ಆ ಕಥೆ ಹೇಳಿಲ್ಲ ನಾನು? ನಾಟಕ ಕಂಪನಿಯಲ್ಲಿ ಪರದೆಗೆ ಬಣ್ಣ ಬಳಿಯುತ್ತಿದ್ದ ಬಡಪಾಯಿ ನೇಮಣ್ಣ, ಒಂದು ದಿನ "ಕುಂಚ ಬಿಟ್ಟು ಚಕ್ರ ಹಿಡಿದ!" (ಇಲ್ಲಿ ಬಲಗಾಲಿನಿಂದ ನೆಲ ಗುದ್ದಬೇಕು.) ಕಾರ್ಖಾನೆಯ ಐದನೆಯ ಲಾರಿಯ ಸಾರಥಿಯಾದ! ತುಂಬಿದ ಕೃಷ್ಣೆಯಲ್ಲಿ ಕಬ್ಬಿನ ಸಮೇತ ಲಾರಿ ಇಳಿಸಿ ಆಚೆ ದಡ ಮುಟ್ಟಿಸಿದ!

ಯಾರೂ ಓದದ ಹಾಳೆ ಇದು, ಆದ್ದರಿಂದ ಒಪ್ಪುತ್ತೇನೆ. ಹೊಳೆಯನ್ನು ನಾನು ಸೇರಿಸಿದ್ದು 1987ರಲ್ಲಿ, ಅಥಣಿಯಲ್ಲಿ. ಜನ ಏಳತೊಡಗಿದ್ದರು. ಆದರೆ ಲಾರಿ ಸುಳ್ಳಲ್ಲ. ಲಾರಿಯ ಪಕ್ಕದಲ್ಲಿ ನಿಂತಿದ್ದಾನಲ್ಲ! ನನಗೆ ಐದು ವರ್ಷವಾದಾಗ ಅವನು ಸತ್ತ. ತಾಯಿ ಅವನ ಬಗ್ಗೆ ಹೆಚ್ಚು ಮಾತಾಡಿದವಳಲ್ಲ. ಮಗನಾದವನು ತಂದೆಗೆ ಒಂದು ಕಥೆಯನ್ನಾದರೂ ಕೊಡಬೇಡವೆ? ಪರದೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಪರದೆ ಮೇಲೆ ಹೋದಮೇಲೆಯೇ ಚಪ್ಪಾಳೆ.

ಈಗ ಗೋಡೆಯ ಮೇಲೆ, ಅಂಗೈ ಅಗಲದ ಅಕ್ಷರದಲ್ಲಿ: ಚಾಲಕ, ನೇಮಣ್ಣ. ಬಾರಯ್ಯ ಅಪ್ಪಾ, ಬಾ ರಂಗದ ಮುಂದಕ್ಕೆ!

ಸೆಪ್ಟೆಂಬರ್ 14, ರವಿವಾರ

ಇವತ್ತು ಕಂಡದ್ದನ್ನು ಬರೆಯದಿದ್ದರೆ ಗಂಟಲು ಒಡೆದು ಮತ್ತೆ ಮೀರಜಿಗೆ ಹೋಗಬೇಕಾದೀತು.

ಲಾರಿಗಳ ಗುರುತು ಹಿಡಿಯುವವನು ನಜೀರಸಾಬನಲ್ಲದೆ ಈ ಸೀಮೆಯಲ್ಲಿ ಇನ್ನಾರು? ನನಗಿಂತ ಹನ್ನೆರಡು ವರ್ಷ ದೊಡ್ಡವನು. 1961ರಿಂದ ಅದೇ ಕಾರ್ಖಾನೆಯ ಗ್ಯಾರೇಜಿನಲ್ಲಿ ಫಿಟರ್, ಆಮೇಲೆ ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಸ್ವಂತ ಗ್ಯಾರೇಜು. ಈಗ ಷಟರ್ ಅರ್ಧ ಎಳೆದೇ ಇರುತ್ತದೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಮಂಜು. ಅವನು ಕಲಿತದ್ದು ಉರ್ದು ಶಾಲೆ, ಕನ್ನಡ ಅಕ್ಷರ ಬಾರದು. ನಾನು ಪಾಟಿಯ ಮೇಲೆ ಬರೆಯಬೇಕು, ಯಾಸ್ಮಿನ ಓದಿ ಹೇಳಬೇಕು, ಆಮೇಲೆ ಅವನು ನನಗೆ ಬಯ್ಯಬೇಕು. ಎಂಥ ತ್ರಿಪಾತ್ರ ನಾಟಕ!

ನಾನು ಮೊದಲನೆಯ ಲಾರಿ ತೋರಿಸಿ "ಫಾರ್ಗೋ" ಎಂದು ಬರೆದೆ. ಯಾಸ್ಮಿನ ಓದಿದಳು.

"ಅಂವಗ ಹೇಳವಾ, ಡಾಜ್, ಫಾರ್ಗೋ, ಡಿಸೋಟೋ ಮೂರೂ ಒಂದ ತಾಯಿ ಮಕ್ಳು. ಮೂತಿ ಮ್ಯಾಲಿನ ಹೆಸರಷ್ಟ ಬ್ಯಾರೆ. ಹೆಸರ ನೋಡಿ ಗುರತ ಹಿಡಿಯಾವ ಪೋಸ್ಟಮನ್, ಫಿಟರ್ ಅಲ್ಲ."

"ಅಜ್ಜಾ, ಕಾಕಾಗ ಕಿವಿ ಕೇಳಸತಾವು. ಬಾಯಿ ಅಷ್ಟ ಬಂದ್."

"ಹಂಗೇನು? ಇಷ್ಟ ವರ್ಷ ಉಲ್ಟಾ ಇತ್ತಲ್ಲ, ಅದಕ್ಕ ಮರತೆ."

ಆಮೇಲೆ ಭಿಂಗ ತೆಗೆದ, ಹಿತ್ತಾಳೆ ಹಿಡಿಕೆಯ ದೊಡ್ಡ ಭೂತಗನ್ನಡಿ. ಫೋಟೋದ ಮೇಲೆ ಬಾಗಿದ. ಮೂಗು ಕಾಗದಕ್ಕೆ ತಾಗಿತು. ಎಷ್ಟು ಹೊತ್ತು! ರಂಗದ ಮೇಲೆ ಇಷ್ಟು ಹೊತ್ತು ಸುಮ್ಮನಿದ್ದರೆ ಜನ ಕುರ್ಚಿ ಎಸೆಯುತ್ತಾರೆ. ಅವನಿಗೆ ಯಾವ ಅವಸರವೂ ಇಲ್ಲ. "ಡಾಜ್," ಎಂದ ಕೊನೆಗೆ. "ಐವತ್ತಾರರದ್ದು. ಈ ತಾಡಪತ್ರಿ ಹಗ್ಗದ ಗಂಟ ನೋಡ, ಉಲ್ಟಾ ಹಾಕ್ಯಾನ. ಎಡಗೈಯವ. ಅಂದ್ರ ಇದು ದುರಗಪ್ಪನ ಗಾಡಿ."

ಗಂಟಿನಿಂದ ಮನುಷ್ಯ ಹೊರಬಂದ! ಅರವತ್ತೇಳು ವರ್ಷದ ಹಿಂದೆ ಯಾರೋ ಕಟ್ಟಿದ ಗಂಟು, ಕಟ್ಟಿದವನು ಯಾವಾಗಲೋ ಮಣ್ಣಾಗಿದ್ದಾನೆ, ಇವನು ಆ ಗಂಟನ್ನು ಹಿಡಿದು ಅವನನ್ನು ಎಳೆದು ತಂದು ನಮ್ಮೆದುರು ನಿಲ್ಲಿಸಿದ. 

ಎರಡನೆಯದು ಫಾರ್ಗೋ. ಮೂರನೆಯದು ದುಂಡು ಮೂತಿಯ ಬೆಡ್‌ಫೋರ್ಡ್. ನಾಲ್ಕನೆಯದು ಮೂತಿಯ ಮೇಲೆ ನಕ್ಷತ್ರವಿದ್ದ ಟಾಟಾ. ಒಂದರ ಕನ್ನಡಿ ವಾರೆಯಾಗಿತ್ತು, ಅದರ ಚಾಲಕ ಕುಳ್ಳ. ಒಂದರ ಬಾಗಿಲಿಗೆ ಮೊಳೆ ಹೊಡೆದಿತ್ತು, ಅದರ ಚಾಲಕ ಸಿಟ್ಟಿನವನು, ಬಾಗಿಲು ಒದೆಯುತ್ತಿದ್ದ. ಹೀಗೆ ನಾಲ್ಕೂ ಹೆಸರು ಹೊರಟವು. ಅಷ್ಟೇ ಅಲ್ಲ, ನಜೀರಸಾಬ ಕಣ್ಣು ಮುಚ್ಚಿ ಬಾಯಿಂದ ಒಂದೊಂದು ಲಾರಿಯನ್ನೂ ಚಾಲೂ ಮಾಡಿದ! ಡಾಜ್ ಹೇಗೆ ಕೆಮ್ಮಿ ಎದ್ದೇಳುತ್ತಿತ್ತು, ಬೆಡ್‌ಫೋರ್ಡ್ ದಿನ್ನೆ ಏರುವಾಗ ಹೇಗೆ ನರಳುತ್ತಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಷಟರ್ ಕೆಳಗಿನಿಂದ ಬಗ್ಗಿ ನೋಡಿದರು. ಐವತ್ತು ವರ್ಷ ರಂಗದ ಮೇಲೆ ನಿಂತಿದ್ದೇನೆ, ಇಂಥ ಬಾಯಿ ನೋಡಿಲ್ಲ.

ಆಮೇಲೆ ಐದನೆಯದು. ನಾನು ಮುಂದಕ್ಕೆ ಬಾಗಿದೆ.

ಭಿಂಗ ಮುಂದಿನ ಗಾಲಿಗೆ ಹೋಯಿತು, ಹಿಂದಿನ ಗಾಲಿಗೆ ಹೋಯಿತು, ಮತ್ತೆ ಮುಂದಿನದಕ್ಕೆ ಬಂತು. ನಜೀರಸಾಬ ತಲೆ ಎತ್ತಿ ನನ್ನ ಮುಖ ನೋಡಿದ. ಪಾಟಿ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಗಾಲಿಗೆ ಏಳ ಬೋಲ್ಟ ಅದಾವು. ಏಳ ಬೋಲ್ಟಿನ ಗಾಲಿ ನಾ ಕಂಡಿಲ್ಲ," ಎಂದ. "ಇದು ಗೊತ್ತಾಗವಲ್ದು, ಯಾಸ್ಮಿನ. ಕಣ್ಣ ಸಾಲವಲ್ದು. ಚಾ ತರಸು."

ನಜೀರಸಾಬನಿಗೇ ಗೊತ್ತಾಗದ ಲಾರಿ! ಅಪ್ಪಾ, ಎಂಥ ರಥ ಓಡಿಸಿದೆಯಪ್ಪಾ ನೀನು!

ಸೆಪ್ಟೆಂಬರ್ 17

ಬಸ್ ಸ್ಟ್ಯಾಂಡಿನ ಚಹದಂಗಡಿಯಲ್ಲಿ ಅದೇ ಮಾತು. "ನಜೀರಸಾಬಗ ಒಂದ ಲಾರಿ ಗುರತ ಸಿಗಲಿಲ್ಲಂತ." "ವಯಸ್ಸಾತ್ಬಿಡ." "ಮೊದಲ ನೆಲದ ಮ್ಯಾಲಿನ ಟಾಯರ ಗುರತ ನೋಡಿ ಗಾಡಿ ಹೇಳತಿದ್ದಾ ಅಂವ." ಹೀಗೆ ಮೂವರು.

ನಾನು ಚಹಾ ಕುಡಿದು ಎದ್ದೆ. ಬಾಯಿ ಇದ್ದಿದ್ದರೆ ಏನು ಹೇಳುತ್ತಿದ್ದೆ? ಬಹುಶಃ ಅಪ್ಪನ ಲಾರಿ ಅಷ್ಟು ಅಪರೂಪದ್ದು ಎನ್ನುತ್ತಿದ್ದೆ.

ಸೆಪ್ಟೆಂಬರ್ 18

ಸುಮ್ಮನೆ ಕೂತರೆ ಏನೆಲ್ಲ ಕೇಳಿಸುತ್ತದೆ. ಸುಂದರಾ ರೊಟ್ಟಿ ಬಡಿಯುವಾಗ ಹಾಡುತ್ತಾಳೆ. ಮೊದಲೂ ಹಾಡುತ್ತಿದ್ದಳೇ? ಪಾಟಿಯ ಮೇಲೆ ಬರೆದು ಕೇಳಿದೆ. "ಲಗ್ನಾದಾಗಿಂದ," ಎಂದಳು.

ಸೆಪ್ಟೆಂಬರ್ 21, ರವಿವಾರ

ಬೆಳಗಿನ ಎಂಟು ಗಂಟೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಯಾಸ್ಮಿನ ಬಿಟ್ಟುಹೋದ ಫೋಟೋದ ಪ್ರತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಭಿಂಗವನ್ನು ನಜೀರಸಾಬನಿಂದ ಕೇಳಿ ತಂದಿದ್ದೆ. ಅವನಿಗೆ ಗೊತ್ತಾಗದ್ದನ್ನು ನಾನು ಕಂಡುಹಿಡಿದು ಗರ್ಜಿಸೋಣವೆಂದು. ಗರ್ಜಿಸುವುದು ಇಪ್ಪತ್ತೊಂಬತ್ತರ ಮೇಲೆ.

ಸುಂದರಾ ತಂದಿಟ್ಟ ನೀರಿನ ತಂಬಿಗೆಯ ನೆರಳು ಬಲಕ್ಕೆ ಬಿದ್ದಿತ್ತು. ಫೋಟೋದಲ್ಲೂ ಲಾರಿಗಳ ನೆರಳು ಬಲಕ್ಕೇ ಬಿದ್ದಿತ್ತು. ಡಾಜ್, ಬಲಕ್ಕೆ. ಫಾರ್ಗೋ, ಬಲಕ್ಕೆ. ಬೆಡ್‌ಫೋರ್ಡ್, ಟಾಟಾ, ಬಲಕ್ಕೆ. ಅಪ್ಪನ ನೆರಳೂ ಬಲಕ್ಕೆ.

ಐದನೆಯ ಲಾರಿಯ ನೆರಳು ಎಡಕ್ಕೆ.

ಸೂರ್ಯ ಒಬ್ಬನೇ. ನಾಲ್ಕು ಲಾರಿಗೆ ಒಂದು ಕಡೆ, ಐದನೆಯದಕ್ಕೆ ಇನ್ನೊಂದು ಕಡೆ ಅವನು ನಿಲ್ಲಲಾರ.

ಎಡಕ್ಕೆ ಬಿದ್ದ ಆ ನೆರಳನ್ನು ನಾನು ಬಲ್ಲೆ. ಅದರ ಕೆಳಗೇ ಮಲಗಿ ದೊಡ್ಡವನಾಗಿದ್ದೇನೆ. ನಮ್ಮ ಕಂಪನಿಯಲ್ಲಿ ದೊಡ್ಡ ಗ್ಯಾಸಬತ್ತಿಯನ್ನು ಯಾವಾಗಲೂ ಪ್ರೇಕ್ಷಕರ ಬಲಗಡೆಯೇ ತೂಗುಹಾಕುತ್ತಿದ್ದರು. ಆದ್ದರಿಂದ ಅರಮನೆಯ ಪರದೆಯಾಗಲಿ, ಅಡವಿಯದಾಗಲಿ, ಬೀದಿಯದಾಗಲಿ, ಕಂಬ, ಮರ, ಮನೆ ಎಲ್ಲದರ ನೆರಳನ್ನೂ ಎಡಕ್ಕೇ ಬರೆಯಬೇಕು. ಹಾಗೆ ಬರೆದರೆ ಮಾತ್ರ ಆ ಬೆಳಕಿನಲ್ಲಿ ಬಟ್ಟೆ ಕಲ್ಲಾಗುತ್ತದೆ. ಅಪ್ಪ ಬರೆದ ಪರದೆಗಳು ಅವನು ಸತ್ತಮೇಲೂ ಇಪ್ಪತ್ತು ವರ್ಷ ಕಂಪನಿಯಲ್ಲಿದ್ದವು. ಎಲ್ಲದರಲ್ಲೂ ಎಡಕ್ಕೆ.

ಭಿಂಗ ಕೆಳಗಿಳಿಸಿದೆ. ಗಾಲಿಯ ಅಡಿಯಲ್ಲಿ ನಾನು ಇಷ್ಟು ದಿನ ಗಾಲಿ ಉರುಳದಂತೆ ಇಟ್ಟ ಓಟೆಯ ಕಟ್ಟಿಗೆ ಎಂದು ತಿಳಿದದ್ದು ಲಾರಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿದೆ. ಪರದೆ ಸುತ್ತುವ ಬಿದಿರು. ಅಪ್ಪನ ಮಾಸಿದ ಧೋತರದ ಮೇಲಿನ ಕಲೆಗಳನ್ನು ನಾನು ಪ್ರತಿ ಮಂಡಪದಲ್ಲೂ "ಗ್ರೀಸು! ದುಡಿಮೆಯ ಗ್ರೀಸು!" ಎಂದು ಕೂಗಿದ್ದೇನೆ. ಕೆಲವು ಕಪ್ಪಾಗಿವೆ. ಕೆಲವು ಬೆಳ್ಳಗಿವೆ. ಬಿಳಿ ಗ್ರೀಸು ಎಲ್ಲಿದೆ?

ಬೆನ್ನ ಹಿಂದಿನ ಆ ಕೈಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ.

ಸೆಪ್ಟೆಂಬರ್ 22

ಇವತ್ತು ಬರೆಯುವುದಿಲ್ಲ.

ಸೆಪ್ಟೆಂಬರ್ 23

ಯಾರಿಗೂ ಹೇಳಬೇಕಾಗಿಲ್ಲ. ಡಾಕ್ಟರೇ ಬಾಯಿ ಮುಚ್ಚಿಸಿದ್ದಾರೆ.

ಸೆಪ್ಟೆಂಬರ್ 24, ಬುಧವಾರ

ಯಾಸ್ಮಿನ ಬಂದಿದ್ದಳು. ಮುಖ ಬಾಡಿತ್ತು.

"ಅಜ್ಜ ನಮಾಜಿಗೆ ಹೋದಾವ ಸೀದಾ ಮನಿಗೆ ಬರತಾನ್ರಿ ಕಾಕಾ. ಗ್ಯಾರೇಜಿಗೆ ಹೋಗವಲ್ಲ. ಗಾಡಿ ತೋರಸಾಕ ಬಂದಾವರಿಗೆ, ಬ್ಯಾರೆ ಕಡೆ ಒಯ್ರಿ, ನನಗೀಗ ಕಾಣಸೂದಿಲ್ಲ ಅಂದನಂತ. ಸಂಗ್ರಾಮ ಸರ ಬ್ಯಾರೆ, ಕೊಲ್ಲಾಪುರದಾಗ ಹಳೀ ಗಾಡಿ ಗೊತ್ತಿದ್ದಾವ ಒಬ್ಬ ಅದಾನ, ಅಂವನ್ನ ಕರಸತೇನಿ ಅಂದ್ರು. ಅಜ್ಜನ ಎದುರಿಗೇ ಅಂದ್ರು. ಅಜ್ಜ ಬ್ಯಾಡ ಅಂದ. ಹಂಗಾರ ಐದನೇದ್ದರ ಕೆಳಗ 'ಮಾದರಿ ತಿಳಿದಿಲ್ಲ, ಚಾಲಕ ನೇಮಣ್ಣ' ಅಂತ ಬರದಬಿಡ ಅಂದಾರ. ಬರೀಲಿ?"

ಬರೆ ಎಂದು ತಲೆಯಾಡಿಸಿದರೆ ಮುಗಿಯಿತು. ಅಂಗೈ ಅಗಲದ ಅಕ್ಷರ. ನಲವತ್ತು ವರ್ಷದ ಕಥೆಗೆ ಗೋಡೆಯ ಸಾಕ್ಷಿ.

"ಎರಡು ದಿನ ತಡಿ," ಎಂದು ಪಾಟಿಯ ಮೇಲೆ ಬರೆದೆ.

ಅವಳು ಹೋದಮೇಲೆ ಲೆಕ್ಕ ಹಾಕಿದೆ: ನಜೀರಸಾಬನಿಗೆ ಎಂಬತ್ತೆರಡು. ಅವನ ಹತ್ತಿರ ಇದ್ದದ್ದು ಒಂದೇ, ಗುರುತು ಹಿಡಿಯುವ ಕಣ್ಣು. ಅದು ಹೋಯಿತೆಂದು ಊರೆಲ್ಲ ಆಡುತ್ತಿದೆ, ಅವನೂ ಒಪ್ಪಿಕೊಂಡಿದ್ದಾನೆ. ಅದು ಹೋಗಿಲ್ಲವೆಂದು ಬಲ್ಲವನು ಈ ಚಿಕ್ಕೋಡಿಯಲ್ಲಿ ನಾನೊಬ್ಬನೇ.

ಸೆಪ್ಟೆಂಬರ್ 26, ಶುಕ್ರವಾರ

ಮಧ್ಯಾಹ್ನದ ನಮಾಜು ಮುಗಿಯುವುದನ್ನು ಕಾದು ಹೋದೆ. ನಜೀರಸಾಬ ಗ್ಯಾರೇಜಿನಲ್ಲೇ ಇದ್ದ. ಸ್ಪ್ಯಾನರುಗಳನ್ನು ಒಂದು ಗೋಣಿಚೀಲದಲ್ಲಿ ತುಂಬುತ್ತಿದ್ದ. ನಾನು ತಂದ ಭಿಂಗವನ್ನು ಇಸಿದುಕೊಂಡು ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿದ.

"ಇದನ್ನ ಯಾಸ್ಮಿನಗ ಕೊಡತೇನಿ," ಎಂದ. "ಸೂಜಿಗೆ ದಾರ ಪೋಣಸಾಕ ಬರತೈತಿ."

ಪಾಟಿಯ ಮೇಲೆ ಬರೆದು ಅವನ ಮುಂದೆ ಹಿಡಿದೆ. ಅವನು ನಕ್ಕ. "ಲೇ ಪಾರಿಸ, ಮರತಿಯೇನು? ನನಗ ಕನ್ನಡ ಓದಾಕ ಬರೂದಿಲ್ಲ. ಯಾಸ್ಮಿನ ಆರ ಗಂಟೆಕ್ಕ ಬರತಾಳ. ಕುಂದರ."

ಕೂರಬಹುದಿತ್ತು. ಆರು ಗಂಟೆಗೆ ಆ ಹುಡುಗಿಯ ಬಾಯಿಂದ ನನ್ನ ಮಾತು ಹೊರಡುತ್ತಿತ್ತು. ಅವನು ಗೋಣಿಚೀಲದ ಬಾಯಿ ಕಟ್ಟತೊಡಗಿದ.

"ನಜೀರಭಾಯಿ, ಅದು ಲಾರಿ ಅಲ್ಲ. ಪರದೆ."

ದನಿ ನನ್ನದೇ ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಒಣಗಿದ ಎಲೆಯ ಮೇಲೆ ಯಾರೋ ನಡೆದಂತೆ ಇತ್ತು. ಹದಿನೆಂಟು ದಿನದ ಮೇಲಿನ ಮೊದಲ ಸಂಭಾಷಣೆ. ಕಾಲು ಗುದ್ದಲಿಲ್ಲ, ಕೈ ಎತ್ತಲಿಲ್ಲ.

ಅವನು ಗಂಟು ಕಟ್ಟುವುದನ್ನು ನಿಲ್ಲಿಸಿದ. "ಬಾಯಿ ಬಿಡಬ್ಯಾಡ ಅಂದಾರಲ್ಲೋ ಡಾಕ್ಟರ!"

"ಅಪ್ಪ ಬರದದ್ದು. ನೆರಳ ಎಡಕ್ಕ ಐತಿ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಇಲ್ಲದ ಲಾರಿ ನಿನಗ ಹ್ಯಾಂಗ ಗುರತ ಸಿಗಬೇಕು?"

"ಯಾವಾಗ ಗೊತ್ತಾತು ನಿನಗ?"

"ರವಿವಾರ."

"ನನಗ ಅದರ ಹಿಂದಿನ ರವಿವಾರ," ಎಂದ ನಜೀರಸಾಬ.

ನಾನು ಟಾಯರಿನ ರಾಶಿಯ ಮೇಲೆ ಕೂತುಬಿಟ್ಟೆ. ಅವನು ಬನಿಯನ್ನಿನ ತುಂಡಿನಿಂದ ಭಿಂಗ ಬಿಚ್ಚಿದ. ಅಂಗಿಯ ಜೇಬಿನಿಂದ ಫೋಟೋದ ತನ್ನ ಪ್ರತಿ ತೆಗೆದ. ಮಡಿಕೆಗಳು ಸವೆದಿದ್ದವು, ದಿನಾ ಬಿಚ್ಚಿ ನೋಡಿದವನಂತೆ.

"ಟಾಯರ ನೋಡ. ಎಷ್ಟೇ ಹೊಸಾದಿರಲಿ, ಗಾಡಿ ಭಾರ ಬಿತ್ತಂದ್ರ ನೆಲಕ್ಕ ತಾಗಿದಲ್ಲೆ ಒಂಚೂರ ಚಪ್ಪಟಿ ಆಗತೈತಿ. ನಾಲ್ಕೂ ಲಾರಿದು ಆಗ್ಯಾವ. ಇದರದ್ದು ರೊಟ್ಟಿಯಂಗ ದುಂಡಗ ಐತಿ. ಭಾರಾನ ಇಲ್ಲ ಇದಕ್ಕ. ನಾ ಗ್ಯಾರೇಜಿಗೆ ಸೇರಿದಾಗ ನಮ್ಮ ಉಸ್ತಾದ ಅಂತಿದ್ದ, ಐದನೇ ಗಾಡಿ ಘಾಟಿನ್ಯಾಗ ಗೇರ್‌ಬಾಕ್ಸ್ ಒಡಕೊಂಡ ನಿಂತು ಒಂದ ತಿಂಗಳ ತಡಾ ಮಾಡಿ ಬಂತು, ಕ್ಯಾಲೆಂಡರಿನ್ಯಾಗ ಮಾತ್ರ ಅದು ಬರೂಕಿಂತ ಮೊದಲ ಬಂದಿತ್ತು ಅಂತ. ನಾವು ನಗತಿದ್ವಿ. ಯಾಕ ಅಂದಾ ಅಂತ ಆಗ ತಿಳದಿರಲಿಲ್ಲ. ರೈತರಿಗೆ ಹಂಚಾಕ ಕ್ಯಾಲೆಂಡರ ಛಾಪಿಸಬೇಕಿತ್ತು, ಫೋಟೋದಾವ ಬಂದ ನಿಂತಿದ್ದ. ಊರಾಗ ನಿಮ್ಮ ನಾಟಕ ಕಂಪನಿ ಮುಕ್ಕಾಮ ಇದ್ದಿರಬೇಕು. ಬರದ ಗಾಡಿ ಬದ್ಲಿ ನಿಮ್ಮಪ್ಪನ ಕೈಲೆ ಪರದೆ ಬರಸಿ ನಿಲ್ಲಸ್ಯಾರ."

"ಮತ್ತ ಯಾಕ ಹೇಳಲಿಲ್ಲ? ಊರ ಮಂದಿ ನಿನಗ ಕುರುಡ ಅನ್ನಾಕತ್ತಿದ್ರು!"

"ದನಿ ಏರಸಬ್ಯಾಡ." ಗೋಣಿಚೀಲವನ್ನು ಪಕ್ಕಕ್ಕೆ ಸರಿಸಿದ. "ನಲವತ್ತ ವರ್ಷ ಆ ಕಥಿ ಮುಂದಿನ ಸಾಲಿನ್ಯಾಗ ಕುಂತ ಕೇಳೇನಿ ಪಾರಿಸ. ನಿಮ್ಮಪ್ಪ ಹೊಳ್ಯಾಗ ಲಾರಿ ಇಳಸಿದ ಕೂಡ್ಲೆ ನಿನ್ನ ಮಾರಿ ಹ್ಯಾಂಗ ಆಗತೈತಿ ಅಂತ ನಿನಗೇನ ಗೊತ್ತು, ನೋಡಾವ ನಾನು. ಮತ್ತ ನಿನಗ ಬಾಯಿ ಇರಲಿಲ್ಲ. ಬಾಯಿ ಇದ್ದಿದ್ರ ಅವತ್ತ ಹೇಳತಿದ್ದೆ, ನೀ ಒದರ್ಯಾಡತಿದ್ದಿ, ಜಗಳ ಆಗತಿತ್ತು, ಮುಗೀತಿತ್ತು. ಬಾಯಿ ಕಟ್ಟಿದ ಮನಷ್ಯಾನ ಕೂಡ ಏನ ವಾದಾ ಮಾಡೂದು? ಇಪ್ಪತ್ತೊಂಬತ್ತಕ್ಕ ನಿನಗ ದನಿ ಬರಲಿ, ಆಮ್ಯಾಲ ಇಬ್ಬರ ಕುಂತ ಮಾತಾಡೋಣು ಅಂತಿದ್ದೆ. ಅಲ್ಲೀತನಕ ನನ್ನ ಕಣ್ಣ ಹೋದ್ವು ಅಂದ್ರ ಅನ್ನಲಿ ಬಿಡ."

"ಈ ಸ್ಪ್ಯಾನರ ಯಾಕ ಕಟ್ಟಿದಿ?"

"ಮಂದಿ ದಿನಾ ಅಂದದ್ದು ಕೇಳಿ ಕೇಳಿ ನನಗೂ ಖರೆ ಅನಸಾಕತ್ತಿತ್ತು," ಎಂದು ನಕ್ಕ. ಆ ನಗೆಯನ್ನು ನಾನು ಯಾವ ನಟನಿಗೂ ಕಲಿಸಲಾರೆ.

ಆಮೇಲೆ ಭಿಂಗವನ್ನು ನನ್ನ ಕೈಗಿತ್ತು ತೋರಿಸತೊಡಗಿದ. "ಹಂಗಾರೂ ನೋಡ ನಿಮ್ಮಪ್ಪನ ಕೈ! ಮೂತಿ ಫಾರ್ಗೋದ್ದು. ಕಣ್ಣ ಬೆಡ್‌ಫೋರ್ಡಿನ್ವು. ಎದಿ ಟಾಟಾದ್ದು. ನಾಲ್ಕರಾಗಿನ ಚಂದಾನೆಲ್ಲಾ ಇದಕ್ಕ ತಂದ ಇಟ್ಟಾನ. ಬೋಲ್ಟ ಯಾಕ ಏಳು? ಆರು ಬರದ್ರ ಚಂದ ಕಾಣಲಿಲ್ಲೋ ಏನೋ, ಇನ್ನೊಂದ ಇಟ್ಟಾನ. ಅರವತ್ತ ವರ್ಷ ಲಾರಿ ಹೊಟ್ಟ್ಯಾಗ ಮಲಗಿದಾವ ನಾ. ಟಾಯರಿಗೆ ಬರೂತನಕ ನನ್ನೂ ಮೋಸ ಮಾಡ್ಯಾನ! ಇಂಥಾ ಗಾಡಿ ಖರೇನ ಇದ್ದಿದ್ರ, ನಾ ಲಗ್ನಾನ ಆಗತಿರಲಿಲ್ಲ, ಇದರ ಕೂಡ ಇದ್ದಬಿಡತಿದ್ದೆ."

ನಾನು ನೋಡಿದೆ. ರೇಡಿಯೇಟರಿನ ಪ್ರತಿ ಕಡ್ಡಿಗೂ ಒಂದು ಬೆಳಕಿನ ಗೆರೆ. ಗಾಜಿನಲ್ಲಿ ಎದುರಿನ ಮರದ ಪಡಿನೆರಳು. ಮಡ್‌ಗಾರ್ಡಿನ ಮೇಲೆ ಚಿಟಿಕೆಯಷ್ಟು ಕೆಸರು. ಕೆಸರನ್ನೂ ಬರೆದಿದ್ದ.

ಸೆಪ್ಟೆಂಬರ್ 29

ಮೀರಜ್. ಡಾಕ್ಟರು ನೋಡಿ ಸರಿಯಾಗಿದೆ ಎಂದರು. ಮಾತಾಡಬಹುದು, ಕೂಗಬಾರದು. ಬರುವಾಗ ಬಸ್ಸಿನಲ್ಲಿ ಸುಂದರಾ ತನ್ನ ತವರಿನ ಕಥೆ ಹೇಳಿದಳು. ಕಾಗವಾಡ ಬಂದಾಗ ಶುರುವಾದದ್ದು ಚಿಕ್ಕೋಡಿ ಬಂದರೂ ಮುಗಿದಿರಲಿಲ್ಲ. ಚೆನ್ನಾಗಿತ್ತು.

ಸೆಪ್ಟೆಂಬರ್ 30

ಕಾರ್ಖಾನೆಯ ಆಫೀಸು. ಮ್ಯಾನೇಜರ ಸಂಗ್ರಾಮನಿಗೆ ಎಲ್ಲ ಹೇಳಿದೆ. ಅವನು ಹಣೆ ಹಿಡಿದುಕೊಂಡ.

"ಮಾಸ್ತರ, ಉದ್ಘಾಟನಾ ದಿನ ಐದನೇ ಲಾರಿ ಇರಲೇ ಇಲ್ಲ ಅಂತ ಬರಿಯೂದೇನ್ರಿ? ಮಂದಿ ನಗತಾರ್ರಿ. ಇದ್ದಂಗ ಇರಲಿ ಬಿಡ್ರಿ, ನಿಮ್ಮ ತಂದಿ ಹೆಸರ ಬರತೈತಲ್ಲ?"

ಹಿಂದಿನ ನಾನಾಗಿದ್ದರೆ ಮೇಜು ಗುದ್ದುತ್ತಿದ್ದೆ. ಕೂಗಬಾರದೆಂದು ಡಾಕ್ಟರು ಹೇಳಿದ್ದರಿಂದ ಸುಮ್ಮನಿದ್ದೆ. ಯಾಸ್ಮಿನ ಮಾತಾಡಿದಳು.

"ನಗಲಿ ಬಿಡ್ರಿ ಸರ. ಡಾಜ್, ಬೆಡ್‌ಫೋರ್ಡ್ ಎಲ್ಲಾ ಕಾರ್ಖಾನ್ಯಾಗೂ ಇದ್ವು. ಐದನೇದ್ದು ನಮ್ಮಲ್ಲೆ ಅಷ್ಟ ಐತಿ."

ಸಂಗ್ರಾಮ ಫೋಟೋ ನೋಡುತ್ತ ಬಹಳ ಹೊತ್ತು ಕೂತ. ಕೊನೆಗೆ, "ಕೆಸರ ಸುದ್ದಾ ಬರದಾರಲ್ಲೋ ಮಾರಾಯಾ!" ಎಂದ.

ಅಕ್ಟೋಬರ್ 13, ಸೋಮವಾರ

ಇಷ್ಟು ದಿನ ಈ ಹಾಳೆ ನೆನಪಾಗಲಿಲ್ಲ. ಇವತ್ತು ಬೆಳಿಗ್ಗೆ ಮೀರಜಿನಿಂದ ಫೋನು: "ಮಾಸ್ತರ, ಹದಿನಾಲ್ಕು ದಿನಾ ಆತು. ದನಿ ಹ್ಯಾಂಗೈತಿ? ಜೋರಾಗಿ ಮಾತಾಡಿ ನೋಡಿದ್ರೇನು?" ನೋಡಿರಲಿಲ್ಲ. ನೆನಪೇ ಇರಲಿಲ್ಲ. ಡಾಕ್ಟರಿಗೆ ಚೆನ್ನಾಗಿದೆ ಎಂದುಬಿಟ್ಟೆ.

ನಿನ್ನೆಯದನ್ನು ಬರೆದಿಡುತ್ತೇನೆ.

ಬಾಯ್ಲರ್ ಪೂಜೆ ಮುಗಿಸಿ ಎಲ್ಲರೂ ಹೊಸ ಹಾಲಿಗೆ ಬಂದರು. ಗೋಡೆಯ ತುಂಬ ಫೋಟೋ. ಐದನೆಯದರ ಕೆಳಗೆ ಹೀಗಿದೆ: "ಪರದೆಯ ಲಾರಿ. ಬರೆದವರು ನೇಮಣ್ಣ. ಗುರುತಿಸಿದವರು ನಜೀರಸಾಬ." ನನ್ನ ಹೆಸರನ್ನೂ ಹಾಕುತ್ತೇನೆಂದು ಯಾಸ್ಮಿನ ಹಟ ಹಿಡಿದಿದ್ದಳು. ಗೋಡೆಯಲ್ಲಿ ಜಾಗವಿಲ್ಲವೆಂದೆ.

ಜನ ಡಾಜ್ ನೋಡಿದರು, ಬೆಡ್‌ಫೋರ್ಡ್ ನೋಡಿದರು. ಐದನೆಯದರ ಮುಂದೆ ನಿಂತುಬಿಟ್ಟರು. ಒಬ್ಬ ಹೆಣ್ಣುಮಗಳು ಟಾಯರಿನ ಮೇಲೆ ಕೈಯಾಡಿಸಿದಳು. ಒಬ್ಬ ರೈತ ಪಕ್ಕದವನಿಗೆ, "ಹೌದಲೇ, ನೆರಳ ನೋಡ, ನೆರಳ!" ಎಂದ. ತಾನೇ ಕಂಡುಹಿಡಿದಂತೆ ಅವನ ಮುಖ ಅರಳಿತ್ತು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ.

ಆಮೇಲೆ ಸಂಗ್ರಾಮ ನಜೀರಸಾಬನನ್ನು ಮುಂದೆ ಕರೆದ. ಅವನು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ. ಡಾಜ್ ಕೆಮ್ಮಿ ಎದ್ದಿತು. ಫಾರ್ಗೋ ಹೊರಟಿತು. ಬೆಡ್‌ಫೋರ್ಡ್ ದಿನ್ನೆ ಏರಿತು. ಟಾಟಾದ ಹಾರ್ನಿಗೆ ಹಾಲೆಲ್ಲ ಸೀಟಿ ಹೊಡೆಯಿತು. ಚಪ್ಪಾಳೆ ನಿಲ್ಲುವ ಮೊದಲೇ ಯಾರೋ ಕೂಗಿದರು: "ಐದನೇದ್ದು ಹ್ಯಾಂಗ ಸಪ್ಪಳ ಮಾಡತಿತ್ರಿ ಸಾಬರ?"

ನಜೀರಸಾಬ ಕಣ್ಣು ತೆರೆದು ನನ್ನನ್ನು ಹುಡುಕಿದ. "ಅದರ ಸಪ್ಪಳ ನನಗ ಬರೂದಿಲ್ಲ," ಎಂದ. "ಅಂವಗ ಬರತೈತಿ."

ಎಲ್ಲರೂ ತಿರುಗಿದರು. ಪಾರಿಸ ಮಾಸ್ತರ ಕಥೆ ಶುರುವಾಯಿತೆಂದು ಕೆಲವರು ಕುರ್ಚಿ ಎಳೆದುಕೊಂಡರು. ಮೈಕು ಕೈಗೆ ಬಂತು. ಅದನ್ನು ಮೇಜಿನ ಮೇಲಿಟ್ಟೆ.

ಬಿದಿರು ಮೇಲಿನಿಂದ ಉರುಳುತ್ತ ಬರುವ ಸಪ್ಪಳ, ಹಗ್ಗ ರಾಟೆಯಲ್ಲಿ ಜಾರುವ ಸಪ್ಪಳ, ಬಟ್ಟೆ ಗಾಳಿ ತುಂಬಿಕೊಂಡು ಇಳಿಯುವ ಸಪ್ಪಳ. ಐದು ವರ್ಷದವನಿದ್ದಾಗ ದಿನಾ ಅದನ್ನು ಕೇಳಿಯೇ ಮಲಗುತ್ತಿದ್ದೆ. ಕೊನೆಯ ಸಾಲಿಗೆ ಕೇಳಿಸಿತೋ ಇಲ್ಲವೋ.

"ಸರ್‍ರ್‍ರ್... ಧಪ್."

ಅಷ್ಟೇ ಮಾಡಿದೆ.  ಆಮೇಲೆ ಚಪ್ಪಾಳೆ ತಟ್ಟಿದರು, ಎಲ್ಲರೂ ಗೋಡೆಯ ಕಡೆ ಮುಖ ಮಾಡಿ.